ಹೊಳೆಗೆ ಇಳಿದ ಸಂತ, ನಮ್ಮ ಮಠಗಳ ಬಚ್ಚಲ ನೀರು



ಪಂಜಾಬಿನಲ್ಲಿ ಕಾಲಿ ಬೇಯಿನ್ ಎಂಬ ಸಣ್ಣ ಹೊಳೆಯೊಂದಿದೆ. ಹೋಶಿಯಾರ್‌ಪುರ ಜಿಲ್ಲೆಯಲ್ಲಿ ಹುಟ್ಟಿ, ಕಪೂರ್ತಲಾ ಜಿಲ್ಲೆಯ ಸುಲ್ತಾನ್‌ಪುರ ಲೋಧಿಯ ಮೂಲಕ ಹರಿದು, ಬಿಯಾಸ್ ಮತ್ತು ಸಟ್ಲೆಜ್ ನದಿಗಳು ಕೂಡುವ ಕಡೆ ಸೇರುತ್ತದೆ. ಉದ್ದ ಸುಮಾರು 160 ಕಿಲೋಮೀಟರ್. ಸಿಖ್ಖರಿಗೆ ಇದು ಬಹಳ ದೊಡ್ಡ ಹೊಳೆ. ಗುರು ನಾನಕರು ಸುಲ್ತಾನ್‌ಪುರ ಲೋಧಿಯ ಸರ್ಕಾರಿ ಉಗ್ರಾಣದಲ್ಲಿ ದವಸ ಅಳೆಯುವ ಕೆಲಸ ಮಾಡಿಕೊಂಡಿದ್ದರು. ಒಂದು ದಿನ ಈ ಹೊಳೆಗೆ ಸ್ನಾನಕ್ಕೆ ಇಳಿದವರು ಮೂರು ದಿನ ಕಾಣಲಿಲ್ಲ, ಹೊರಬಂದಾಗ ಅವರಿಗೆ ಜ್ಞಾನೋದಯವಾಗಿತ್ತು ಎಂಬುದು ಸಿಖ್ ಪರಂಪರೆ ಹೇಳಿಕೊಂಡು ಬಂದ ಮಾತು. ಕಾಯಕ ಮಾಡಿಕೊಂಡಿದ್ದ ಗೃಹಸ್ಥನೊಬ್ಬನಿಗೆ ಅರಿವು ಮೂಡಿದ ಸ್ಥಳವೆಂದರೆ ನಮಗೂ ಅದು ಪರಕೀಯವೆನಿಸದು.

ಇಷ್ಟು ಪವಿತ್ರವೆಂದು ಕೋಟ್ಯಂತರ ಜನ ನಂಬಿದ ಹೊಳೆಯ ಸ್ಥಿತಿ ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಏನಾಗಿತ್ತು? ಆರು ಪಟ್ಟಣ ಮತ್ತು ನಲವತ್ತಕ್ಕೂ ಹೆಚ್ಚು ಹಳ್ಳಿಗಳ ಬಚ್ಚಲು, ಶೌಚದ ನೀರು ನೇರವಾಗಿ ಅದಕ್ಕೆ ಬೀಳುತ್ತಿತ್ತು. ಕೆಲವು ಕಡೆ ಹರಿವೇ ನಿಂತು, ಪಾತ್ರದಲ್ಲಿ ಹೂಳು ತುಂಬಿ, ಮೇಲೆ ಅಂತರಗಂಗೆ ಕಳೆ ಹಾಸಿಕೊಂಡಿತ್ತು. ನೀರು ಕಾಣುತ್ತಲೇ ಇರಲಿಲ್ಲ. ಇನ್ನು ಕೆಲವು ಕಡೆ ಹೊಳೆಯ ಜಾಗವೇ ಒತ್ತುವರಿಯಾಗಿತ್ತು. ಭಕ್ತಿಗೆ ಕೊರತೆ ಇರಲಿಲ್ಲ. ದಡದಲ್ಲಿ ಗುರುದ್ವಾರವಿತ್ತು, ಪ್ರಾರ್ಥನೆ ತಪ್ಪದೆ ನಡೆಯುತ್ತಿತ್ತು. ಹೊಳೆ ಮಾತ್ರ ಸತ್ತಿತ್ತು.

2000ದ ಜುಲೈ ತಿಂಗಳಲ್ಲಿ ಸಂತ ಬಲಬೀರ್ ಸಿಂಗ್ ಸೀಚೇವಾಲ್ ಅವರು ತಮ್ಮ ಶಿಷ್ಯರೊಡನೆ ಈ ಹೊಳೆಗೆ ಇಳಿದರು. ಜಾಲಂಧರ್ ಜಿಲ್ಲೆಯ ಸೀಚೇವಾಲ್ ಎಂಬ ಹಳ್ಳಿಯಲ್ಲಿ 1962ರಲ್ಲಿ ಹುಟ್ಟಿದವರು. ಕಾಲೇಜು ಓದು ಅರ್ಧಕ್ಕೇ ಬಿಟ್ಟವರು. ಅದಕ್ಕೂ ಮೊದಲೇ ಹಳ್ಳಿಗಳ ರಸ್ತೆಗಳನ್ನು ಜನರನ್ನು ಸೇರಿಸಿಕೊಂಡು ಶ್ರಮದಾನದಿಂದ ನಿರ್ಮಿಸಿ ಹೆಸರಾಗಿದ್ದರು. ಹೊಳೆಯ ವಿಷಯದಲ್ಲಿಯೂ ಮನವಿ ಪತ್ರ ಬರೆದು ಉತ್ತರ ಕಾಯುತ್ತ ಕೂರಲಿಲ್ಲ. ಎದೆಮಟ್ಟದ ಕೊಳಚೆಯಲ್ಲಿ ನಿಂತು ಕಳೆಯನ್ನು ಕೈಯಿಂದಲೇ ಎಳೆದು ದಡಕ್ಕೆ ಹಾಕುವುದರಿಂದ ಕೆಲಸ ಶುರುವಾಯಿತು. ಸಂತರೇ ನೀರಿಗೆ ಇಳಿದದ್ದನ್ನು ಕಂಡು ಊರೂರಿನ ಜನ ಇಳಿದರು. ಸಿಖ್ಖರು ಇದನ್ನು ಕಾರ್‌ಸೇವೆ ಎನ್ನುತ್ತಾರೆ. ನಾವು ಕಾಯಕ ಎನ್ನುತ್ತೇವೆ. ಊಟಕ್ಕೆ ಅವರಲ್ಲಿ ಲಂಗರ್, ನಮ್ಮಲ್ಲಿ ದಾಸೋಹ. ಹೆಸರು ಬೇರೆ, ಕೆಲಸ ಒಂದೇ.

ವರ್ಷಗಟ್ಟಲೆ ನಡೆದ ಈ ಕೆಲಸದಲ್ಲಿ ಹೂಳು ಎತ್ತಿದರು, ದಡ ಕಟ್ಟಿದರು, ದಡದ ಗುಂಟ ದಾರಿ ಮಾಡಿದರು, ಗಿಡ ನೆಟ್ಟರು, ಸ್ನಾನಘಟ್ಟ ಕಟ್ಟಿದರು. ಮುಕೇರಿಯನ್ ಜಲವಿದ್ಯುತ್ ಕಾಲುವೆಯಿಂದ ಹೊಳೆಗೆ ಸರ್ಕಾರ ನೀರು ಬಿಡುವಂತಾಯಿತು. 2006ರಲ್ಲಿ ಆಗಿನ ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಸುಲ್ತಾನ್‌ಪುರ ಲೋಧಿಗೆ ಬಂದು ಹೊಳೆ ನೋಡಿದರು. 2008ರಲ್ಲಿ ಟೈಮ್ ಪತ್ರಿಕೆ ಸೀಚೇವಾಲರನ್ನು ಪರಿಸರ ವೀರರ ಪಟ್ಟಿಗೆ ಸೇರಿಸಿತು. 2017ರಲ್ಲಿ ಪದ್ಮಶ್ರೀ ಬಂತು. 2022ರಲ್ಲಿ ಅವರು ರಾಜ್ಯಸಭೆಯ ಸದಸ್ಯರಾದರು.

ಪ್ರಶಸ್ತಿಯ ಪಟ್ಟಿಗಾಗಿ ನಾನು ಈ ಕಥೆ ಹೇಳುತ್ತಿಲ್ಲ. ಮೂರು ದಶಕ ಸರ್ಕಾರಿ ಇಂಜಿನಿಯರಾಗಿ ನೀರು, ಚರಂಡಿ, ಕಾಲುವೆಗಳ ನಡುವೆ ದುಡಿದವನಿಗೆ ಈ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಬೇರೆ ಸಂಗತಿ. ಕಳೆ ತೆಗೆಯುವುದು, ಹೂಳೆತ್ತುವುದು ಕಣ್ಣಿಗೆ ಕಾಣುವ ಕೆಲಸ. ಅದರ ಫೋಟೋ ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ಮೇಲಿನ ಊರುಗಳ ಕೊಳೆನೀರು ಬೀಳುತ್ತಲೇ ಇದ್ದರೆ ಎಷ್ಟು ಸಲ ಬಾಚಿದರೂ ಹೊಳೆ ಶುದ್ಧವಾಗುವುದಿಲ್ಲ. ಸೀಚೇವಾಲರು ಇದನ್ನು ಬೇಗ ಅರಿತರು. ತಮ್ಮ ಊರಿನ ಬಚ್ಚಲು ನೀರನ್ನೆಲ್ಲ ನೆಲದೊಳಗಿನ ಕೊಳವೆಯಲ್ಲಿ ಒಂದು ಕಡೆ ತಂದರು. ಅಲ್ಲಿ ಸಾಲಾಗಿ ಕಟ್ಟಿದ ಬಾವಿಗಳಲ್ಲಿ ನೀರು ಸುತ್ತಿ ಸುತ್ತಿ ಕಸ, ಹೂಳು, ಜಿಡ್ಡು ಬೇರೆಯಾಗುತ್ತದೆ. ಆಮೇಲೆ ದೊಡ್ಡ ಹೊಂಡದಲ್ಲಿ ಗಾಳಿ ಬಿಸಿಲಿಗೆ ನಿಲ್ಲುತ್ತದೆ. ಅಲ್ಲಿಂದ ಪಂಪಿನ ಮೂಲಕ ರೈತರ ಹೊಲಕ್ಕೆ ಹೋಗುತ್ತದೆ. ದುಬಾರಿ ಯಂತ್ರಗಳಿಲ್ಲ. ಹೊಳೆಗೆ ಹೋಗಬೇಕಾಗಿದ್ದ ಕೊಳೆ ಹೊಲಕ್ಕೆ ಗೊಬ್ಬರವಾಯಿತು, ರೈತನಿಗೆ ಅಂತರ್ಜಲ ಎತ್ತುವ ಖರ್ಚು ಕಡಿಮೆಯಾಯಿತು. ಈ ಪದ್ಧತಿ ಅವರ ಊರಿನ ಹೆಸರಿನಲ್ಲೇ ‘ಸೀಚೇವಾಲ್ ಮಾದರಿ’ ಎಂದು ಪಂಜಾಬಿನ ಅನೇಕ ಹಳ್ಳಿಗಳಿಗೆ ಹಬ್ಬಿತು.

ಇದರ ಹಿಂದಿನ ಲೆಕ್ಕವನ್ನು ಓದುಗರು ಒಮ್ಮೆ ನೋಡಬೇಕು. ನೀರಿನ ಕೊಳೆಯನ್ನು ಅಳೆಯಲು ಬಿ.ಓ.ಡಿ. ಎಂಬ ಅಳತೆ ಇದೆ. ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಕರಗಿಸಲು ಎಷ್ಟು ಆಮ್ಲಜನಕ ಬೇಕು ಎಂಬುದನ್ನು ಅದು ಹೇಳುತ್ತದೆ. ಸ್ನಾನಕ್ಕೆ ಯೋಗ್ಯವಾದ ಹೊಳೆ ನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಮನೆಗಳಿಂದ ಬರುವ ಚರಂಡಿ ನೀರಿನಲ್ಲಿ ಅದು 200ರಿಂದ 300 ಇರುತ್ತದೆ. 250 ಎಂದು ಹಿಡಿಯೋಣ. ಹೊಳೆಯ ನೀರು ತೀರಾ ಶುದ್ಧ, ಲೀಟರಿಗೆ 1 ಮಿಲಿಗ್ರಾಂ ಎಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ಲೀಟರ್ ಚರಂಡಿ ನೀರನ್ನು ಸ್ನಾನಯೋಗ್ಯ ಮಟ್ಟಕ್ಕೆ ತೆಳುವಾಗಿಸಲು 120 ಲೀಟರಿಗೂ ಹೆಚ್ಚು ಹೊಳೆ ನೀರು ಬೇಕು.

ಒಂದು ಲಕ್ಷ ಜನಸಂಖ್ಯೆಯ ಪಟ್ಟಣದಿಂದ ದಿನಕ್ಕೆ ಸುಮಾರು ಒಂದು ಕೋಟಿ ಲೀಟರ್ ಚರಂಡಿ ನೀರು ಹೊರಡುತ್ತದೆ. ಅದನ್ನು ತೆಳುವಾಗಿಸಲು ಹೊಳೆಯಲ್ಲಿ ಸದಾ 500 ಕ್ಯೂಸೆಕ್ ಆಸುಪಾಸು ಶುದ್ಧ ನೀರು ಹರಿಯಬೇಕು. ಬೇಸಿಗೆಯಲ್ಲಿ ನಮ್ಮ ಯಾವ ಹಳ್ಳದಲ್ಲಿ ಅಷ್ಟು ನೀರಿದೆ? ‘ಹರಿಯುವ ನೀರಿಗೆ ಮೈಲಿಗೆ ಇಲ್ಲ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಕಾಲದಲ್ಲಿ ಊರು ಸಣ್ಣದಿತ್ತು, ಹೊಳೆ ದೊಡ್ಡದಿತ್ತು. ಈಗ ಊರು ದೊಡ್ಡದು, ಹೊಳೆ ಸಣ್ಣದು.

ಅದೇ ಒಂದು ಕೋಟಿ ಲೀಟರ್ ನೀರನ್ನು ಹೊಳೆಗೆ ಬಿಡದೆ ತಿಳಿಗೊಳಿಸಿ ಹೊಲಕ್ಕೆ ಕೊಟ್ಟರೆ? ಬೆಳೆಗೆ ದಿನಕ್ಕೆ 5 ಮಿಲಿಮೀಟರ್ ನೀರು ಬೇಕೆಂದರೆ ಎಕರೆಗೆ 20,000 ಲೀಟರ್ ಆಗುತ್ತದೆ. ಸೋರಿಕೆ ಕಳೆದರೂ 400 ಎಕರೆಗೆ ವರ್ಷವಿಡೀ ನೀರು. ಹೊಳೆಗೆ ವಿಷವಾದದ್ದು ಹೊಲಕ್ಕೆ ಅನ್ನವಾಗುತ್ತದೆ.

ಕಾಲಿ ಬೇಯಿನ್ ಕಥೆಯನ್ನು ಪವಾಡದಂತೆ ಹೇಳುವವರಿದ್ದಾರೆ. ಪವಾಡಗಳನ್ನು ನಂಬದ ಪರಂಪರೆ ನಮ್ಮದು, ಆದ್ದರಿಂದ ಉಳಿದದ್ದನ್ನೂ ಹೇಳಬೇಕು. ಹೊಳೆ ತಿಳಿಯಾದ ಮೇಲೂ ಒಂದಕ್ಕಿಂತ ಹೆಚ್ಚು ಸಲ ಸುಲ್ತಾನ್‌ಪುರ ಲೋಧಿಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದವು. ಮೇಲಿನಿಂದ ಶುದ್ಧ ನೀರು ನಿಂತಾಗ, ಯಾವುದೋ ಪಟ್ಟಣದ ಕೊಳೆನೀರು ನುಗ್ಗಿದಾಗ ಹೀಗಾಗುತ್ತದೆ. ಅಂದರೆ ಇಪ್ಪತ್ತು ವರ್ಷದ ಶ್ರಮವನ್ನು ಒಂದು ವಾರದ ಅಲಕ್ಷ್ಯ ಕೆಡಿಸಬಲ್ಲದು. ಈಚೆಗೆ ಸೀಚೇವಾಲರು ಲೂಧಿಯಾನದ ಬುಡ್ಢಾ ದರಿಯಾ ಎಂಬ ಇನ್ನೊಂದು ತೊರೆಗೆ ಇಳಿದಿದ್ದಾರೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರು, ಎಮ್ಮೆ ಕೊಟ್ಟಿಗೆಗಳ ಸಗಣಿ, ನಗರದ ಚರಂಡಿ ಮೂರೂ ಸೇರಿ ಕಪ್ಪಾಗಿ ಸಟ್ಲೆಜ್ ಸೇರುವ ನೀರು ಅದು. ಕಾಲಿ ಬೇಯಿನ್‌ಗಿಂತ ಇದು ಕಠಿಣ. ಸಗಣಿಯನ್ನು ಕೈಯಿಂದ ತಡೆಯಬಹುದು, ಕಾರ್ಖಾನೆಯ ಬಣ್ಣವನ್ನು ತಡೆಯಲು ಕಾನೂನು ಜಾರಿಯಾಗಬೇಕು. ಜಲ ಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ಕಾಯ್ದೆಗೆ ಐವತ್ತು ತುಂಬಿದೆ, ಅದನ್ನು ಜಾರಿಗೆ ತನ್ನಿ ಎಂದು ಕೇಳುವ ಜನ ಇಲ್ಲದಿದ್ದರೆ ಅದು ಕಾಗದವಾಗಿಯೇ ಉಳಿಯುತ್ತದೆ.

ಸರ್ಕಾರ ಏನು ಮಾಡುತ್ತಿದೆ ಎಂದು ಓದುಗರು ಕೇಳಬಹುದು. ಒಳಗೆ ಇದ್ದವನಾಗಿ ಹೇಳುತ್ತೇನೆ. ಸರ್ಕಾರಕ್ಕೆ ಕಟ್ಟುವುದು ಗೊತ್ತು, ನಡೆಸುವುದು ಕಷ್ಟ. ಸೇವೆಯಲ್ಲಿದ್ದಾಗ ನಾನು ಕಂಡ ಒಂದು ಪಟ್ಟಣದಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕ ಉದ್ಘಾಟನೆಯಾಗಿ ಎರಡು ವರ್ಷವಾಗಿತ್ತು. ಮನೆಗಳಿಂದ ಘಟಕಕ್ಕೆ ಬರಬೇಕಾದ ಒಳಚರಂಡಿ ಅರ್ಧ ಊರಿಗೆ ಆಗಿರಲಿಲ್ಲ. ಬಂದಷ್ಟು ನೀರನ್ನು ಎತ್ತುವ ಪಂಪಿಗೆ ವಿದ್ಯುತ್ ಬಿಲ್ ಕಟ್ಟಲು ಹಣವಿರಲಿಲ್ಲ. ಕಾಮಗಾರಿ ಪೂರ್ಣ ಎಂದು ಕಡತ ಹೇಳುತ್ತಿತ್ತು, ಹಳ್ಳ ಬೇರೆಯೇ ಹೇಳುತ್ತಿತ್ತು. ಟೆಂಡರಿನಲ್ಲಿ ಸಿಮೆಂಟು, ಕಬ್ಬಿಣ, ಯಂತ್ರ ಎಲ್ಲವೂ ಸಿಗುತ್ತದೆ. ದಿನವೂ ಬೆಳಿಗ್ಗೆ ಎದ್ದು ಜಾಲರಿಗೆ ಸಿಕ್ಕಿದ ಕಸ ತೆಗೆಯುವ ಮನಸ್ಸು ಟೆಂಡರಿನಲ್ಲಿ ಸಿಗುವುದಿಲ್ಲ. ಅದು ಸಿಗುವುದು ಜನರನ್ನು ಒಂದು ಮಾತಿನ ಮೇಲೆ ಕೂಡಿಸಬಲ್ಲ ಸಂಸ್ಥೆಗಳಲ್ಲಿ. ನಮ್ಮಲ್ಲಿ ಅಂಥ ಸಂಸ್ಥೆ ಯಾವುದೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.

ಧರ್ಮದ ಪೀಠದಲ್ಲಿ ಕೂತವರಿಗೂ ಇಂಜಿನಿಯರಿಂಗ್‌ಗೂ ಏನು ಸಂಬಂಧ ಎಂದು ಕೇಳುವವರಿಗೆ ಕಾಶಿಯ ವೀರಭದ್ರ ಮಿಶ್ರರನ್ನು ತೋರಿಸಬೇಕು. ಅವರು ಸಂಕಟಮೋಚನ ದೇವಾಲಯದ ಮಹಂತರು, ಜೊತೆಗೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಲಶಾಸ್ತ್ರ ಕಲಿಸಿದ ಸಿವಿಲ್ ಇಂಜಿನಿಯರಿಂಗ್ ಪ್ರಾಧ್ಯಾಪಕರು. 1982ರಲ್ಲಿ ಸಂಕಟಮೋಚನ ಪ್ರತಿಷ್ಠಾನ ಕಟ್ಟಿ, ಗಂಗೆಯ ನೀರನ್ನು ಪರೀಕ್ಷಿಸಲು ಸ್ವಂತ ಪ್ರಯೋಗಾಲಯ ಮಾಡಿಕೊಂಡರು. ಗಂಗೆಯನ್ನು ತಾಯಿ ಎಂದು ನಂಬಿ ದಿನವೂ ಸ್ನಾನ ಮಾಡಿದವರು, ಅದೇ ನೀರಿನಲ್ಲಿ ಎಷ್ಟು ಮಲಜನ್ಯ ಬ್ಯಾಕ್ಟೀರಿಯಾ ಇದೆ ಎಂಬುದನ್ನು ಲೆಕ್ಕ ಹಾಕಿ ಲೋಕಕ್ಕೆ ಹೇಳಿದರು. 2013ರಲ್ಲಿ ತೀರಿಕೊಳ್ಳುವವರೆಗೂ ಅಳತೆ ಬಿಡಲಿಲ್ಲ. ಅವರ ನಂಬಿಕೆ ನಮ್ಮದಲ್ಲ. ಆದರೆ ನಂಬಿಕೆ ತನ್ನ ಕಣ್ಣು ಮುಚ್ಚಿಸದಂತೆ ನೋಡಿಕೊಂಡ ಅವರ ಪ್ರಾಮಾಣಿಕತೆ ನಮಗೂ ಬೇಕು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಹೊಳೆಯಲ್ಲಿ ಮುಳುಗಿದರೆ ಪಾಪ ಕಳೆಯುತ್ತದೆ ಎಂಬುದನ್ನು ಶರಣರು ಒಪ್ಪಲಿಲ್ಲ. ತೀರ್ಥಯಾತ್ರೆ ಬೇಡವೆಂದರು, ಒಳಗಿನ ಶುದ್ಧಿಯನ್ನು ಕೇಳಿದರು. ಈ ಮಾತನ್ನು ನಾವು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ತೀರ್ಥವಲ್ಲ ಎಂದ ಮಾತ್ರಕ್ಕೆ ಹೊಳೆ ಗಟಾರವಾಗುವುದಿಲ್ಲ. ತೀರ್ಥವೆಂದು ನಂಬುವವನು ಹೊಳೆಯನ್ನು ದೇವರೇ ಶುದ್ಧ ಮಾಡಿಕೊಳ್ಳುತ್ತಾನೆ ಎಂದು ಸುಮ್ಮನಿರಬಹುದು. ನಮಗೆ ಆ ಸಮಾಧಾನವೂ ಇಲ್ಲ. ನಮ್ಮ ಲೆಕ್ಕದಲ್ಲಿ ಅದು ನೀರು. ಕೆಳಗಿನ ಊರಿನ ತಾಯಿ ಕೊಡದಲ್ಲಿ ತುಂಬಿಕೊಂಡು ಮಗುವಿಗೆ ಕುಡಿಸುವ ನೀರು. ಅದನ್ನು ಕೆಡಿಸಿದ್ದು ಯಾವುದೋ ದೇವತೆಗೆ ಮಾಡಿದ ಅಪಚಾರವಲ್ಲ, ಕಣ್ಣೆದುರಿನ ಜಂಗಮಕ್ಕೆ ಮಾಡಿದ ದ್ರೋಹ. ಇಷ್ಟಲಿಂಗದ ಮಜ್ಜನಕ್ಕೆ ಒಂದು ಕಾಲದಲ್ಲಿ ಹಳ್ಳದಿಂದ ನೀರು ತರುತ್ತಿದ್ದ ಊರುಗಳಲ್ಲೇ ಇಂದು ಪೂಜೆಗೂ ಫಿಲ್ಟರ್ ಕ್ಯಾನಿನ ನೀರು ಬಂದಿದೆ. ಇದು ನಮ್ಮನ್ನು ಕಾಡಬೇಡವೇ?

ನಮ್ಮಲ್ಲಿ ದಾರಿ ತೋರಿಸಿದವರಿಲ್ಲದಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವ ಕಾಯಕದಲ್ಲಿ ಸಾವಿರಾರು ಜನರನ್ನು ತೊಡಗಿಸಿದರು. ಅಲ್ಲಮಪ್ರಭುಗಳು ಬಂದು ಅವರನ್ನು ಎಚ್ಚರಿಸಿದ್ದು ಕೆರೆ ತಪ್ಪೆಂದಲ್ಲ, ‘ನಾನು ಕಟ್ಟಿಸಿದೆ’ ಎಂಬುದು ತಪ್ಪೆಂದು ಎನ್ನುವುದು ನನ್ನ ತಿಳಿವಳಿಕೆ. ನಮ್ಮ ಕಾಲದಲ್ಲಿ, 2019ರಲ್ಲಿ, ಕೊಪ್ಪಳದ ಗವಿಮಠದ ಪೂಜ್ಯ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ತುಂಗಭದ್ರೆಯನ್ನು ಸೇರುವ ಹಿರೇಹಳ್ಳಕ್ಕೆ ಇಳಿದರು. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಜಾಲಿ, ಹೂಳು, ಕಸ ತುಂಬಿದ್ದ ಹಳ್ಳವನ್ನು ಭಕ್ತರು, ಯುವಕರು, ರೈತರು ಜೊತೆಗೂಡಿ ಹಸನು ಮಾಡಿದರು. ಸ್ವಾಮೀಜಿಯವರು ದಡದಲ್ಲಿ ನಿಂತು ಆಶೀರ್ವದಿಸಿ ಹೋಗಲಿಲ್ಲ, ಬಿಸಿಲಲ್ಲಿ ಜನರ ಜೊತೆ ಇದ್ದರು. ಸೀಚೇವಾಲರ ಕೆಲಸಕ್ಕೂ ಇದಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಗುರು ಮೊದಲು ಇಳಿದರೆ ಊರು ಹಿಂದೆ ಇಳಿಯುತ್ತದೆ.

ಹಾಗಾದರೆ ಉಳಿದ ಮಠಗಳು ಎಲ್ಲಿಂದ ಶುರುಮಾಡಬೇಕು? ಹೊಳೆಯಿಂದ ಅಲ್ಲ, ತಮ್ಮ ಅಡುಗೆಮನೆಯಿಂದ ಎಂಬುದು ನನ್ನ ವಿನಂತಿ. ದಿನಕ್ಕೆ ಸಾವಿರ ಜನ ಪ್ರಸಾದ ಸ್ವೀಕರಿಸುವ ದಾಸೋಹ ಮನೆಯಲ್ಲಿ ಅಕ್ಕಿ ಬೇಳೆ, ಪಾತ್ರೆ ತಟ್ಟೆ, ಕೈ ತೊಳೆಯುವ ನೀರನ್ನು ತಲೆಗೆ 15 ಲೀಟರ್ ಹಿಡಿದರೂ 15,000 ಲೀಟರ್. ಜೊತೆಗೆ ಐನೂರು ಮಕ್ಕಳ ಪ್ರಸಾದನಿಲಯವಿದ್ದರೆ ಇನ್ನೊಂದು 50,000 ಲೀಟರ್. ಒಟ್ಟು ಮೂರು ಎಕರೆ ತೋಟಕ್ಕೆ ಸಾಕಾಗುವ ನೀರು. ಅದು ಈಗ ಎಲ್ಲಿಗೆ ಹೋಗುತ್ತಿದೆ? ನಾನು ನೋಡಿದ ಹಲವು ಕಡೆ ಗೋಡೆಯ ಹಿಂದಿನ ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ. ಅನ್ನ ನೀಡಿದ ಪುಣ್ಯಕ್ಷೇತ್ರದ ಹಿಂಬದಿಯಲ್ಲೇ ಹಳ್ಳ ನಾರುತ್ತದೆ.

ಮಾಡಬೇಕಾದ ಕೆಲಸ ಕ್ಲಿಷ್ಟವಲ್ಲ. ಅಡುಗೆಮನೆಯ ನೀರು ಹೊರಬೀಳುವ ಕಡೆ ಮೊದಲು ಒಂದು ಜಾಲರಿ, ಅನ್ನದ ಅಗುಳು, ತರಕಾರಿ ಚೂರು ಅಲ್ಲೇ ನಿಲ್ಲಬೇಕು. ನಂತರ ಎಣ್ಣೆ ಜಿಡ್ಡು ಮೇಲೆ ತೇಲಿ ನಿಲ್ಲುವ ತೊಟ್ಟಿ. ಅದನ್ನು ವಾರಕ್ಕೊಮ್ಮೆ ತೆಗೆಯಬೇಕು. ಆಮೇಲೆ ಹೂಳು ಕೂರುವ ತೊಟ್ಟಿ, ಅದರಾಚೆ ಜಲ್ಲಿ ಹಾಸಿ ಆಪು, ಕಾಬಾಳೆ ನೆಟ್ಟ ಪಾತಿ. ಅದನ್ನು ದಾಟಿದ ನೀರು ಹೊಂಡದಲ್ಲಿ ನಿಂತು ಬಾಳೆ, ತೆಂಗು, ಮೇವಿನ ಹುಲ್ಲಿಗೆ ಹೋಗಲಿ. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಈ ನೀರು ಬೇಡ. ಶೌಚದ ನೀರನ್ನು ಇದರೊಂದಿಗೆ ಬೆರೆಸದೆ ಸರಿಯಾದ ಸೆಪ್ಟಿಕ್ ಟ್ಯಾಂಕಿಗೆ ಬಿಡಬೇಕು. ಪ್ರತಿ ಮಠದ ಭಕ್ತರಲ್ಲಿ ಒಬ್ಬ ಸಿವಿಲ್ ಇಂಜಿನಿಯರ್, ಒಬ್ಬ ಗೌಂಡಿ, ಒಬ್ಬ ತೋಟದ ರೈತ ಇದ್ದೇ ಇರುತ್ತಾರೆ. ಈ ಮೂವರು ಸೇರಿದರೆ ಹೊರಗಿನವರನ್ನು ಕರೆಯಬೇಕಾಗಿಲ್ಲ. ಮಠದ್ದು ಸರಿಯಾದ ಮೇಲೆ ಊರಿನ ಚರಂಡಿಯ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ, ಪುರಸಭೆಯಲ್ಲಿ ಮಾತಾಡಲು ನಮಗೆ ನೈತಿಕ ಬಲ ಬರುತ್ತದೆ. ಜಾತ್ರೆಗಳಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟ ಬಿಟ್ಟು ಮುತ್ತುಗದ ಎಲೆ, ಸ್ಟೀಲ್ ತಟ್ಟೆಗೆ ಬರುವುದೂ ಇದರ ಭಾಗವೇ.

ಇನ್ನೊಂದು ವಿಷಯವನ್ನು ಹೇಳದೆ ಹೋದರೆ ಈ ಬರಹ ಅಪೂರ್ಣ. ಕೊಳೆ ಬಾಚುವ ಕೈ ಯಾರದು? ಸ್ವಚ್ಛತಾ ಅಭಿಯಾನ ಎಂದು ಬ್ಯಾನರ್ ಹಿಡಿದು ನಾವು ಫೋಟೋ ತೆಗೆಸಿಕೊಂಡು, ಆಮೇಲೆ ಚರಂಡಿಗೆ ಇಳಿಯಲು ಊರಾಚೆಯ ಕೇರಿಯವರನ್ನು ಕೂಗುವುದಾದರೆ ಬಸವತತ್ವದ ಹೆಸರು ಹೇಳುವುದು ಬೇಡ. ಸತ್ಯಕ್ಕ ಕಸ ಗುಡಿಸಿದ್ದು ಕಾಯಕವೆಂದು, ಜಾತಿಯ ಪಾಲೆಂದಲ್ಲ. ಕಳೆ, ಪ್ಲಾಸ್ಟಿಕ್, ಹೂಳು ತೆಗೆಯಲು ಎಲ್ಲರೂ ಇಳಿಯೋಣ, ಕೈಗವಸು, ಬೂಟು ಹಾಕಿಕೊಂಡು ಇಳಿಯೋಣ. ಮ್ಯಾನ್‌ಹೋಲಿಗೆ, ಶೌಚಗುಂಡಿಗೆ ಮಾತ್ರ ಯಾರೂ ಇಳಿಯಬಾರದು. ಅದು ಯಂತ್ರದ ಕೆಲಸ, 2013ರ ಕಾನೂನು ಹೇಳುವುದೂ ಅದನ್ನೇ. ಸೀಚೇವಾಲರ ಹಿಂದೆ ಜನ ಬಂದದ್ದು ಅವರು ಇನ್ನೊಬ್ಬರನ್ನು ಇಳಿಸದೆ ತಾವೇ ಇಳಿದದ್ದರಿಂದ.

ಮಠದ ಕೆಲಸ ಧರ್ಮಬೋಧೆ, ಚರಂಡಿಯಲ್ಲ ಎಂದು ಕೆಲವು ಹಿರಿಯರು ಹೇಳಿಯಾರು. ಶಾಲೆ ಕಟ್ಟುವುದು, ಅನ್ನ ಹಾಕುವುದು ಮಠದ ಕೆಲಸವೇ ಎಂದು ನೂರು ವರ್ಷದ ಹಿಂದೆಯೂ ಕೇಳಿದವರಿದ್ದರು. ಅಂದಿನ ಪೂಜ್ಯರು ಆ ಮಾತಿಗೆ ಕಿವಿಗೊಟ್ಟಿದ್ದರೆ ನನ್ನಂಥ ಎಷ್ಟೋ ಹಳ್ಳಿ ಹುಡುಗರು ಇಂಜಿನಿಯರಾಗುತ್ತಿರಲಿಲ್ಲ. ಅಕ್ಷರ ದಾಸೋಹದ ಋಣ ತೀರಿಸಲು ನಮ್ಮ ವೃತ್ತಿಯವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಈ ಸಂಚಿಕೆ ಕೈಗೆ ಬಂದ ವಾರದಲ್ಲಿ ತಮ್ಮ ಮಠದ, ತಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದನ್ನು ಪ್ರತಿಯೊಬ್ಬ ಓದುಗರೂ ನಡೆದು ನೋಡಬೇಕು. ಗೋಡೆಯಿಂದ ಗಟಾರ, ಗಟಾರದಿಂದ ಹಳ್ಳ, ಹಳ್ಳದಿಂದ ಹೊಳೆ. ಹಾದಿಯಲ್ಲಿ ಯಾರ ಮನೆ, ಯಾರ ಬಾವಿ, ಯಾರ ಹೊಲ ಇದೆ ಎಂದು ಬರೆದುಕೊಳ್ಳಬೇಕು. ನೋಡಿದ್ದನ್ನು ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ತಾಂತ್ರಿಕ ಸಲಹೆ ಬೇಕಾದ ಮಠಗಳಿಗೆ ನನ್ನಂಥ ನಿವೃತ್ತರು ಸ್ವಂತ ಖರ್ಚಿನಲ್ಲಿ ಬಂದು ಅಳತೆ ಮಾಡಿ ನಕ್ಷೆ ಹಾಕಿಕೊಡಬೇಕೆಂದು ನಿವೃತ್ತ ಇಂಜಿನಿಯರ್ ಬಂಧುಗಳನ್ನೂ ಕೇಳಿಕೊಳ್ಳುತ್ತೇನೆ. ನಾನಂತೂ ಸಿದ್ಧನಿದ್ದೇನೆ.